ಹಡಗಿನಿಂದ ಇಳಿದು ಹೋಟೆಲ್‌ಗೆ: ಕಾರು ಮೊದಲೇ ಬುಕ್ ಮಾಡಲೇಬೇಕೇ?

ಕ್ರೂಸ್ ಪ್ರವಾಸ ಈಗ ಸಿನಿಮಾದಲ್ಲಿ ಮಾತ್ರ ನೋಡುವ ಸಂಗತಿಯಾಗಿ ಉಳಿದಿಲ್ಲ. ಮುಂಬೈಯಿಂದ ಗೋವಾ, ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿ ಬಂದವರು ನಮ್ಮ ಬೀದಿಯಲ್ಲೇ ಸಿಗುತ್ತಾರೆ. ಬೆಂಗಳೂರಿನಿಂದ ಸಿಂಗಾಪುರಕ್ಕೆ ಹಾರಿ, ಅಲ್ಲಿಂದ ಮೂರು ನಾಲ್ಕು ದಿನ ಹಡಗು ಹತ್ತುವ ಕುಟುಂಬಗಳಿವೆ. ನಿವೃತ್ತಿಯ ಹಣದಲ್ಲಿ ಯುರೋಪ್ ನೋಡಲು ಹೊರಡುವ ಹಿರಿಯರ ಬಳಗಗಳೂ ಇವೆ.

ಹೊರಡುವ ಮುನ್ನ ಇಂಥವರ ವಾಟ್ಸಾಪ್ ಗುಂಪಿಗೆ ಎರಡು ಬಗೆಯ ಸಲಹೆಗಳು ಬಂದು ಬೀಳುತ್ತವೆ. ಬಂದರಿನ ಟ್ಯಾಕ್ಸಿಯವರೆಲ್ಲ ಮೋಸಗಾರರು, ಊರಿನಿಂದಲೇ ಖಾಸಗಿ ಕಾರು ಬುಕ್ ಮಾಡಿ ಪೂರ್ತಿ ಹಣ ಕಟ್ಟಿಬಿಡಿ ಎನ್ನುವುದು ಒಂದು. ಮೊದಲೇ ಬುಕ್ ಮಾಡುವುದು ದಂಡ, ಇಳಿದ ಮೇಲೆ ಮೊಬೈಲ್ ಆ್ಯಪ್ ಒತ್ತಿದರೆ ಕಾರು ಬರುತ್ತದೆ ಎನ್ನುವುದು ಇನ್ನೊಂದು. ಎರಡೂ ಅನುಭವಸ್ಥರ ಮಾತಿನಂತೆಯೇ ಇರುತ್ತವೆ. ಒಂದು ಬಂದರಿನಲ್ಲಿ ನಿಜವಾದದ್ದನ್ನು ಎಲ್ಲ ಬಂದರುಗಳಿಗೂ ಅಂಟಿಸುವುದೇ ಇವೆರಡರ ತೊಂದರೆ.

ಬಂದರಿನಿಂದ ಹೋಟೆಲ್‌ಗೆ ಮೊದಲೇ ಗೊತ್ತುಪಡಿಸುವ ಕಾರಿಗೆ ಪ್ರವಾಸದವರ ಭಾಷೆಯಲ್ಲಿ ಪ್ರೈವೇಟ್ ಟ್ರಾನ್ಸ್‌ಫರ್ ಎಂಬ ಹೆಸರು. ಇದಕ್ಕೆ ಕೊಡುವ ಹಣದಲ್ಲಿ ನಾವು ಕೊಳ್ಳುವುದು ಮುಖ್ಯವಾಗಿ ನಿಶ್ಚಿಂತೆಯನ್ನು. ಆ ನಿಶ್ಚಿಂತೆ ಯಾರಿಗೆ ಬೇಕು, ಯಾವ ಊರಿನಲ್ಲಿ ಬೇಕು, ಎಷ್ಟು ಹಣಕ್ಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ಬಿಡಿಸಿ ನೋಡೋಣ. ಮುಖ್ಯ ಉದಾಹರಣೆಯಾಗಿ ರೋಮ್ ನಗರವನ್ನೂ, ಹೋಲಿಕೆಗೆ ಸಿಂಗಾಪುರವನ್ನೂ ಇಟ್ಟುಕೊಂಡಿದ್ದೇವೆ.

ಟಿಕೆಟ್‌ನಲ್ಲಿ ರೋಮ್, ಇಳಿಯುವುದು ಬೇರೆ ಊರಲ್ಲಿ

ಕ್ರೂಸ್ ಕಂಪನಿಗಳ ವೇಳಾಪಟ್ಟಿಯಲ್ಲಿ ‘ರೋಮ್’ ಎಂದು ದೊಡ್ಡದಾಗಿ ಬರೆದಿರುತ್ತದೆ. ಪಕ್ಕದಲ್ಲಿ ಸಣ್ಣದಾಗಿ ‘ಚಿವಿತಾವೆಕ್ಕಿಯ’ ಎಂದಿರುತ್ತದೆ. ಆ ಸಣ್ಣ ಅಕ್ಷರದಲ್ಲಿರುವುದೇ ನಿಜವಾದ ಬಂದರು. ಎರಡನೇ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಟ್ರಾಜನ್ ಕಟ್ಟಿಸಿದ ಈ ಬಂದರು ರೋಮ್ ನಗರದಿಂದ ಸುಮಾರು 75 ಕಿ.ಮೀ. ದೂರದಲ್ಲಿದೆ. ಬೆಂಗಳೂರಿನ ಹೋಟೆಲ್‌ಗೆ ಹೋಗಬೇಕಾದವರನ್ನು ತುಮಕೂರಿನಲ್ಲಿ ಇಳಿಸಿದಂತೆ ಎಂದುಕೊಂಡರೆ ಅಂದಾಜು ಸಿಗುತ್ತದೆ.

ರೋಮ್ ಒಂದೇ ಹೀಗಲ್ಲ. ‘ಪ್ಯಾರಿಸ್’ ಎಂದು ಬರೆದಲ್ಲಿ ಹಡಗು ನಿಲ್ಲುವುದು ಹೆಚ್ಚಾಗಿ ಲ ಹಾವ್ರ್‌ನಲ್ಲಿ. ಅಲ್ಲಿಂದ ಪ್ಯಾರಿಸ್‌ಗೆ ಸುಮಾರು 200 ಕಿ.ಮೀ., ಅಂದರೆ ಬೆಂಗಳೂರು ಮತ್ತು ಚಿತ್ರದುರ್ಗದ ನಡುವಿನಷ್ಟು ದೂರ. ‘ಬರ್ಲಿನ್’ ಎಂದರೆ ವಾರ್ನೆಮ್ಯೂಂಡೆ, 200 ಕಿ.ಮೀ.ಗೂ ಹೆಚ್ಚು. ‘ಲಂಡನ್’ ಎಂದರೆ ಅನೇಕ ಸಲ ಸೌತಾಂಪ್ಟನ್, ಸುಮಾರು 130 ಕಿ.ಮೀ. ‘ಬ್ಯಾಂಕಾಕ್’ ಎಂದರೆ ಲೇಮ್ ಚಬಾಂಗ್, ನೂರು ಕಿ.ಮೀ. ದಾಟುತ್ತದೆ. ಅಥೆನ್ಸ್‌ನ ಬಂದರಾದ ಪಿರೇಯಸ್ ಮಾತ್ರ ನಗರ ಮಧ್ಯದಿಂದ ಹತ್ತು ಕಿ.ಮೀ. ಆಸುಪಾಸಿನಲ್ಲೇ ಇದೆ, ಮೆಟ್ರೋ ಕೂಡ ಇದೆ.

ದೊಡ್ಡ ಹಡಗುಗಳಿಗೆ ಆಳವಾದ ನೀರು ಮತ್ತು ಉದ್ದದ ಕಟ್ಟೆ ಬೇಕು. ಹಳೆಯ ರಾಜಧಾನಿಗಳು ಬಹುತೇಕ ನದಿ ದಂಡೆಯ ಊರುಗಳು. ಟೈಬರ್ ನದಿಯಲ್ಲಿ ಇಂದಿನ ಕ್ರೂಸ್ ಹಡಗು ರೋಮ್‌ವರೆಗೆ ಹೋಗಲಾರದು. ಹಾಗಾಗಿ ಕಡಲ ತೀರದಲ್ಲಿ ಆಳವಿರುವ ಬಂದರಿಗೆ ಹಡಗು, ಜನರಿಗೆ ಗೊತ್ತಿರುವ ನಗರದ ಹೆಸರು ಟಿಕೆಟ್‌ಗೆ.

ಕಾರು ಬೇಕೋ ಬೇಡವೋ ಎಂದು ಯೋಚಿಸುವ ಮೊದಲು ಮಾಡಬೇಕಾದ ಕೆಲಸ ಇಷ್ಟೇ: ಮೊಬೈಲಿನ ನಕ್ಷೆಯಲ್ಲಿ ನಗರದ ಹೆಸರನ್ನು ಹಾಕದೆ ಬಂದರಿನ ಹೆಸರನ್ನೂ, ಸಾಧ್ಯವಾದರೆ ಟರ್ಮಿನಲ್ ಹೆಸರನ್ನೂ ಹಾಕಿ, ಅಲ್ಲಿಂದ ಹೋಟೆಲ್‌ವರೆಗಿನ ದೂರ ನೋಡುವುದು. ಮುಂದಿನ ಎಲ್ಲ ಲೆಕ್ಕಕ್ಕೂ ಈ ಒಂದು ಅಂಕಿಯೇ ಬುನಾದಿ.

ಹಡಗು ತಲುಪುವ ಹೊತ್ತು ಬೇರೆ, ನೀವು ಹೊರಬರುವ ಹೊತ್ತು ಬೇರೆ

ಹಡಗು ಬೆಳಗ್ಗೆ 6 ಗಂಟೆಗೆ ಬಂದರು ತಲುಪುತ್ತದೆ ಎಂದು ವೇಳಾಪಟ್ಟಿಯಲ್ಲಿದ್ದರೆ, 6.15ಕ್ಕೆ ಕಾರು ಬರಲಿ ಎಂದು ಬುಕ್ ಮಾಡುವವರಿದ್ದಾರೆ. ಬಸ್ಸಿನಿಂದ ಇಳಿಯುವ ಅಭ್ಯಾಸ ನಮ್ಮದು. ಬಸ್ಸು ನಿಂತಿತೆಂದರೆ ಇಳಿದೆವು. ಹಡಗಿನಲ್ಲಿ ಹಾಗಾಗುವುದಿಲ್ಲ.

ಹಡಗು ಕಟ್ಟೆಗೆ ತಾಗಿ ಹಗ್ಗ ಬಿಗಿದ ಮೇಲೂ ಅಲ್ಲಿನ ಅಧಿಕಾರಿಗಳು ಒಪ್ಪಿಗೆ ಕೊಡುವ ತನಕ ಯಾರೂ ಇಳಿಯುವಂತಿಲ್ಲ. ಆರೋಗ್ಯದ ಕಡೆಯಿಂದ ಸಿಗುವ ಒಪ್ಪಿಗೆಗೆ ‘ಫ್ರೀ ಪ್ರಾಟೀಕ್’ ಎಂದು ಹೆಸರು. ಹಡಗಿನಲ್ಲಿ ಸಾಂಕ್ರಾಮಿಕ ರೋಗವಿಲ್ಲ, ಜನ ಇಳಿಯಬಹುದು ಎಂಬುದು ಇದರ ಅರ್ಥ. ಇದರ ಬೇರು ಪ್ಲೇಗಿನ ಕಾಲಕ್ಕೆ ಹೋಗುತ್ತದೆ. ಏಡ್ರಿಯಾಟಿಕ್ ಕಡಲ ತೀರದ ರಗೂಸಾ, ಅಂದರೆ ಇಂದಿನ ಡುಬ್ರೊವ್‌ನಿಕ್, 1377ರಲ್ಲೇ ರೋಗ ಹಬ್ಬಿದ ಊರುಗಳಿಂದ ಬಂದವರನ್ನು ಮೂವತ್ತು ದಿನ ಪ್ರತ್ಯೇಕವಾಗಿಡುವ ನಿಯಮ ಮಾಡಿತ್ತು. ಮುಂದೆ ಅದು ನಲವತ್ತು ದಿನವಾಯಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ ‘ಕ್ವಾರಾಂತ’. ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಕ್ವಾರಂಟೀನ್ ಎಂಬ ಮಾತು ಹುಟ್ಟಿದ್ದು ಹೀಗೆ.

ಒಪ್ಪಿಗೆ ಸಿಕ್ಕ ಮೇಲೂ ಸಾವಿರಾರು ಜನ ಒಂದೇ ಬಾಗಿಲಲ್ಲಿ ಇಳಿಯಲಾಗದು. ಅದಕ್ಕೆಂದೇ ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳಿಗೆ ಬಣ್ಣದ ಅಥವಾ ಅಂಕಿಯ ಚೀಟಿ ಕಟ್ಟಿ ಕೋಣೆಯ ಹೊರಗಿಡಲು ಹೇಳುತ್ತಾರೆ. ಮರುದಿನ ಆ ಬಣ್ಣ ಕರೆದಾಗ ನಿಮ್ಮ ಸರದಿ. ಕೆಳಗೆ ಹಾಲಿನಲ್ಲಿ ಸಾಲಾಗಿಟ್ಟ ನೂರಾರು ಪೆಟ್ಟಿಗೆಗಳಲ್ಲಿ ನಿಮ್ಮದನ್ನು ಹುಡುಕಬೇಕು. ಕೆಲವು ದೇಶಗಳಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲು ಬೇರೆ. ನಿಮ್ಮ ಎಲ್ಲ ಲಗೇಜನ್ನು ನೀವೇ ಹೊತ್ತು ಇಳಿಯಲು ಸಿದ್ಧರಿದ್ದರೆ ಮೊದಲ ತಂಡದಲ್ಲಿ ಬಿಡುತ್ತಾರೆ. ಒಟ್ಟಿನಲ್ಲಿ ಹಡಗು ಆರಕ್ಕೆ ಬಂದರೂ ಜನ ಹೊರಬೀಳುವುದು ಸಾಮಾನ್ಯವಾಗಿ ಏಳರಿಂದ ಒಂಬತ್ತೂವರೆಯ ನಡುವೆ. (ಅಂದ ಹಾಗೆ, ಬಿಪಿ ಮಾತ್ರೆ, ಇನ್ಸುಲಿನ್, ಪಾಸ್‌ಪೋರ್ಟ್, ಮರುದಿನ ಹಾಕಿಕೊಳ್ಳುವ ಬಟ್ಟೆ ಯಾವುದನ್ನೂ ಆ ರಾತ್ರಿ ಹೊರಗಿಡುವ ಸೂಟ್‌ಕೇಸ್‌ನಲ್ಲಿ ಹಾಕಬೇಡಿ.)

ಇನ್ನೊಂದು ಗೊಂದಲ ಗಡಿಯಾರದ್ದು. ಗ್ರೀಸ್ ಮತ್ತು ಇಟಲಿಯ ನಡುವೆ ಒಂದು ಗಂಟೆ ವ್ಯತ್ಯಾಸವಿದೆ. ಥಾಯ್ಲೆಂಡ್ ಮತ್ತು ಸಿಂಗಾಪುರದ ನಡುವೆಯೂ ಒಂದು ಗಂಟೆ. ಸಮುದ್ರದ ಮಧ್ಯೆ ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ಅದು ಹಳೆಯ ದೇಶದ ಸಮಯವನ್ನೇ ತೋರಿಸುತ್ತಿರಬಹುದು. ಕಾರು ಬುಕ್ ಮಾಡುವುದು ಬಂದರಿನ ಸ್ಥಳೀಯ ಸಮಯಕ್ಕೆ. ಕೊನೆಯ ರಾತ್ರಿ ಹಡಗಿನ ಗೋಡೆ ಗಡಿಯಾರ ನೋಡಿ, ನಾಳೆಯ ಸ್ಥಳೀಯ ಸಮಯ ಎಷ್ಟು ಎಂದು ಸ್ವಾಗತ ಕೌಂಟರಿನಲ್ಲಿ ಕೇಳಿ ಕೈಗಡಿಯಾರ ಸರಿಮಾಡಿಕೊಳ್ಳುವುದು ಮೇಲು. ಏರೋಪ್ಲೇನ್ ಮೋಡ್ ತೆಗೆಯಬೇಡಿ ಎನ್ನುವ ಫಾರ್ವರ್ಡ್ ಮಾತ್ರ ನಿಜ. ನಡುಗಡಲಿನಲ್ಲಿ ಫೋನ್ ಹಿಡಿಯುವುದು ಹಡಗಿನ ಉಪಗ್ರಹ ಜಾಲವನ್ನು. ಅದರ ರೋಮಿಂಗ್ ದರ ನೆಲದ ಮೇಲಿನ ಪ್ಯಾಕ್‌ಗೆ ಸೇರಿರುವುದಿಲ್ಲ.

ಕಾರು ಹಡಗಿನ ಬಾಗಿಲಿಗೆ ಏಕೆ ಬರುವುದಿಲ್ಲ?

ಮೋಸ ಹೋದೆವು, ಡ್ರೈವರ್ ಬರಲೇ ಇಲ್ಲ ಎಂಬ ದೂರುಗಳು ಎಷ್ಟೋ ಸಲ ಹುಟ್ಟುವುದು ಡ್ರೈವರ್ ಒಂದು ಗೇಟಿನಲ್ಲಿ, ಪ್ರಯಾಣಿಕರು ಇನ್ನೊಂದು ಗೇಟಿನಲ್ಲಿ ನಿಂತಿರುವುದರಿಂದ.

ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರ ದಾಳಿ ನಡೆದ ಬಳಿಕ ಹಡಗು ಮತ್ತು ಬಂದರುಗಳ ಭದ್ರತೆಗಾಗಿ ಅಂತಾರಾಷ್ಟ್ರೀಯ ನಿಯಮಾವಳಿಯೊಂದು ರೂಪುಗೊಂಡಿತು. ಐಎಸ್‌ಪಿಎಸ್ ಕೋಡ್ ಎಂದು ಕರೆಯುವ ಅದು 2004ರ ಜುಲೈ 1ರಿಂದ ಜಾರಿಯಲ್ಲಿದೆ. ಇದರಂತೆ ಹಡಗು ನಿಲ್ಲುವ ಜಾಗ ನಿರ್ಬಂಧಿತ ವಲಯ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಲ್ಲೂ ಗೇಟಿನಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ನಿಲ್ಲುತ್ತಾರೆ, ಕಂಡವರ ಕಾರು ಒಳಗೆ ಹೋಗುವುದಿಲ್ಲ. ಚಿವಿತಾವೆಕ್ಕಿಯದಲ್ಲೂ ಅಷ್ಟೇ. ಅಲ್ಲಿ ಹಡಗು ಕಟ್ಟೆಗಳು ಕಿಲೋಮೀಟರ್‌ಗಟ್ಟಲೆ ಹರಡಿವೆ. ಕಟ್ಟೆಯಿಂದ ‘ಲಾರ್ಗೊ ದೆಲ್ಲಾ ಪಾಚೆ’ ಎಂಬ ನಿಲ್ದಾಣಕ್ಕೆ ಬಂದರಿನ ಬಸ್ಸು ಓಡಾಡುತ್ತದೆ.

ಆದ್ದರಿಂದ ‘ಬಂದರಿನಲ್ಲಿ ಪಿಕಪ್’ ಎಂದಷ್ಟೇ ಬರೆದ ಬುಕಿಂಗ್ ಅರ್ಧ ಬುಕಿಂಗ್. ಯಾವ ಟರ್ಮಿನಲ್, ಯಾವ ಗೇಟ್, ಡ್ರೈವರ್‌ಗೆ ಒಳಗೆ ಬರುವ ಅನುಮತಿ ಇದೆಯೇ ಎಂಬ ಮೂರು ಉತ್ತರ ಬರಹದಲ್ಲಿ ಬರಬೇಕು. ಬುಕ್ ಮಾಡುವಾಗ ಹಡಗಿನ ಹೆಸರು ಕೊಡುವುದನ್ನು ಮರೆಯಬೇಡಿ. ಒಂದೇ ಬೆಳಗ್ಗೆ ಮೂರು ನಾಲ್ಕು ಹಡಗು ಬರುವ ಬಂದರುಗಳಿವೆ. ಜೊತೆಗೆ, ಎಲ್ಲ ಪ್ರಯಾಣಿಕ ಹಡಗುಗಳೂ ತಾವಿರುವ ಜಾಗವನ್ನು ರೇಡಿಯೋ ಅಲೆಗಳ ಮೂಲಕ ಸದಾ ಸಾರುತ್ತಿರಬೇಕು ಎಂಬ ನಿಯಮವಿದೆ. ಎಐಎಸ್ ಎಂಬ ಈ ವ್ಯವಸ್ಥೆಯ ಮಾಹಿತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಹಡಗಿನ ಹೆಸರು ಗೊತ್ತಿದ್ದರೆ ಡ್ರೈವರ್ ಅದು ತಡವಾಗುತ್ತಿದೆಯೇ ಎಂದು ತಾನೇ ನೋಡಿಕೊಳ್ಳಬಲ್ಲ. ಊರಿನಲ್ಲಿ ಕುಳಿತ ಮಕ್ಕಳೂ ಅಪ್ಪ ಅಮ್ಮನ ಹಡಗು ಎಲ್ಲಿದೆ ಎಂದು ನೋಡಬಹುದು.

ದುಬಾರಿ ಎಂದರೆ ಮೋಸವೇ?

ದೀಪಾವಳಿಯ ಹಿಂದಿನ ದಿನ ಬೆಂಗಳೂರಿನಿಂದ ಹುಬ್ಬಳ್ಳಿಗೋ ಮಂಗಳೂರಿಗೋ ಖಾಸಗಿ ಬಸ್ಸಿನ ದರ ಎಷ್ಟಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕ್ರೂಸ್ ಬಂದರಿಗೆ ಪ್ರತಿ ಹಡಗೂ ಒಂದು ದೀಪಾವಳಿ. ದೊಡ್ಡ ಹಡಗೊಂದರಲ್ಲಿ ಮೂರರಿಂದ ಐದು ಸಾವಿರ ಪ್ರಯಾಣಿಕರಿರುತ್ತಾರೆ. ಅವರೆಲ್ಲ ಎರಡು ಮೂರು ಗಂಟೆಯೊಳಗೆ ಇಳಿದು ವಾಹನ ಕೇಳುತ್ತಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಬಂದರು ಭಣಭಣ. ಆ ಡ್ರೈವರ್‌ಗೆ ಮುಂದಿನ ಬಾಡಿಗೆ ಇನ್ನೊಂದು ಹಡಗು ಬಂದಾಗ. ದೂರದ ಬಂದರಾದರೆ ನಿಮ್ಮನ್ನು ಬಿಟ್ಟು ಖಾಲಿ ಕಾರಿನಲ್ಲಿ ವಾಪಸ್ ಬರಬೇಕು. ಮದುವೆಗೆಂದು ಪಕ್ಕದ ಜಿಲ್ಲೆಗೆ ಟ್ಯಾಕ್ಸಿ ಮಾಡಿದರೆ ನಮ್ಮಲ್ಲಿ ಎರಡೂ ಕಡೆಯ ಕಿಲೋಮೀಟರ್ ಹಿಡಿಯುವುದಿಲ್ಲವೇ, ಹಾಗೆ.

ಇದೇ ಮಾತನ್ನು ನಮ್ಮ ಕಡೆಯಿಂದಲೂ ನೋಡಬಹುದು. ಮಳೆಗಾಲ ಮುಗಿದ ಮೇಲೆ ಪಣಂಬೂರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಪ್ರಯಾಣಿಕರು ಬೆಳಗ್ಗೆ ಇಳಿದು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ಎಂದು ಸುತ್ತಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಆ ಒಂದು ದಿನದ ಬಾಡಿಗೆಗಾಗಿ ಕಾಯುವ ಮಂಗಳೂರಿನ ಟ್ಯಾಕ್ಸಿ ಚಾಲಕನನ್ನು ಮೋಸಗಾರ ಎಂದು ಯಾರಾದರೂ ಸಾರಾಸಗಟಾಗಿ ಬರೆದರೆ ನಮಗೆ ಹೇಗನಿಸುತ್ತದೆ? ಬೇರೆ ದೇಶದ ಚಾಲಕರ ಬಗ್ಗೆ ನಾವು ಫಾರ್ವರ್ಡ್ ಮಾಡುವುದೂ ಅಂಥದ್ದೇ ಮಾತು.

ಮೋಸ ಇಲ್ಲವೇ ಇಲ್ಲ ಎಂದಲ್ಲ. ಹೆಚ್ಚು ದರವನ್ನು ಮೊದಲೇ ಹೇಳಿದರೆ ಅದು ದುಬಾರಿ. ಒಂದು ದರ ಹೇಳಿ ಇಳಿಯುವಾಗ ಇನ್ನೊಂದು ಕೇಳಿದರೆ ಅದು ಮೋಸ. ಲೈಸೆನ್ಸ್ ಇಲ್ಲದ ಕಾರನ್ನು ಟ್ಯಾಕ್ಸಿ ಎಂದು ತೋರಿಸಿದರೆ ಅದೂ ಮೋಸ. ಈ ಎರಡನೆಯ ಬಗೆಯನ್ನು ಗುರುತಿಸಲು ಆ ದೇಶದ ಕಾನೂನು ಸ್ವಲ್ಪ ಗೊತ್ತಿರಬೇಕು.

ಟ್ಯಾಕ್ಸಿ ಬೇರೆ, ಖಾಸಗಿ ಕಾರು ಬೇರೆ

ಇಟಲಿಯಲ್ಲಿ ಇವೆರಡನ್ನೂ ಬೇರ್ಪಡಿಸುವ ಕಾನೂನು 1992ರಿಂದ ಇದೆ. ಟ್ಯಾಕ್ಸಿಗೆ ಮೀಟರ್ ಇರಬೇಕು, ಸ್ಟ್ಯಾಂಡಿನಲ್ಲಿ ನಿಲ್ಲಬಹುದು. ರೋಮ್‌ನ ಟ್ಯಾಕ್ಸಿಗಳು ಬಿಳಿ ಬಣ್ಣದವು, ಮೇಲೆ ಟ್ಯಾಕ್ಸಿ ಫಲಕವಿರುತ್ತದೆ. ಇನ್ನೊಂದು ಬಗೆ ‘ಎನ್‌ಸಿಸಿ’, ಅಂದರೆ ಚಾಲಕನ ಸಹಿತ ಬಾಡಿಗೆ ಕಾರು. ಇದಕ್ಕೆ ಮೀಟರ್ ಇಲ್ಲ, ದರವನ್ನು ಮೊದಲೇ ಮಾತಾಡಿಕೊಳ್ಳಬೇಕು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತು ಗಿರಾಕಿ ಹಿಡಿಯುವ ಹಕ್ಕು ಇದಕ್ಕಿಲ್ಲ, ಬುಕಿಂಗ್ ಇದ್ದರೆ ಮಾತ್ರ ಓಡಿಸಬೇಕು. ಬ್ರಿಟನ್ನಿನಲ್ಲೂ ಹೀಗೇ. ಬೀದಿಯಲ್ಲಿ ಕೈ ತೋರಿಸಿ ನಿಲ್ಲಿಸುವ ಹಕ್ಕು ಟ್ಯಾಕ್ಸಿಗೆ ಮಾತ್ರ, ಖಾಸಗಿ ಬಾಡಿಗೆ ಕಾರನ್ನು ಲೈಸೆನ್ಸ್ ಇರುವ ಸಂಸ್ಥೆಯ ಮೂಲಕ ಮೊದಲೇ ಬುಕ್ ಮಾಡಬೇಕು.

ಇದರಿಂದ ಸಿಗುವ ಪಾಠ ಸರಳ. ಬಂದರಿನ ಗೇಟಿನಲ್ಲಿ ‘ಟ್ಯಾಕ್ಸಿ, ಟ್ಯಾಕ್ಸಿ’ ಎನ್ನುತ್ತಾ ನಿಮ್ಮ ಬಳಿಗೇ ಬಂದು ಪೆಟ್ಟಿಗೆಗೆ ಕೈ ಹಾಕುವ, ಮೀಟರ್ ಇಲ್ಲದ ಕಾರಿನವರು ಅಲ್ಲಿನ ಕಾನೂನಿನ ಹೊರಗಿರುವ ಸಾಧ್ಯತೆ ಹೆಚ್ಚು. ಸಾಲಿನಲ್ಲಿ ನಿಂತ ಟ್ಯಾಕ್ಸಿ, ಇಲ್ಲವೇ ಕೈಯಲ್ಲಿರುವ ಬುಕಿಂಗ್, ಇವೆರಡೇ ಸುರಕ್ಷಿತ.

ಆ್ಯಪ್ ಇದೆಯಲ್ಲ ಎಂಬ ಸಲಹೆಯೂ ಇಲ್ಲೇ ಎಡವುತ್ತದೆ. ಸಾಮಾನ್ಯ ಜನ ತಮ್ಮ ಸ್ವಂತ ಕಾರಿನಲ್ಲಿ ಬಾಡಿಗೆ ಓಡಿಸುವ ಉಬರ್‌ನ ಅಗ್ಗದ ಸೇವೆಯನ್ನು ಇಟಲಿಯ ನ್ಯಾಯಾಲಯ 2015ರಲ್ಲಿ ತಡೆಯಿತು. ಈಗ ಅಲ್ಲಿ ಆ್ಯಪ್ ಒತ್ತಿದರೆ ಬರುವುದು ಎನ್‌ಸಿಸಿ ಕಾರು ಇಲ್ಲವೇ ಟ್ಯಾಕ್ಸಿಯೇ. ಬೆಂಗಳೂರಿನಲ್ಲಿ ಆ್ಯಪ್ ಕಾರು ಅಗ್ಗ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇನ್ನೊಂದು ವಿಷಯ: ರೋಮ್‌ನ ಹಳೆಯ ನಗರದ ಬಹುಭಾಗ ‘ಸೀಮಿತ ಸಂಚಾರ ವಲಯ’. ಅನುಮತಿ ಇಲ್ಲದ ಕಾರು ಹೊಕ್ಕರೆ ಕ್ಯಾಮೆರಾ ದಂಡ ಹಾಕುತ್ತದೆ. ನಿಮ್ಮ ಹೋಟೆಲ್ ಆ ವಲಯದೊಳಗಿದ್ದರೆ ಲೈಸೆನ್ಸ್ ಇಲ್ಲದ ಅಗ್ಗದ ಕಾರು ನಿಮ್ಮನ್ನು ಹೊರಗೆಲ್ಲೋ ಇಳಿಸಿ, ಕಲ್ಲು ಹಾಸಿನ ಬೀದಿಯಲ್ಲಿ ಸೂಟ್‌ಕೇಸ್ ಎಳೆಸಬಹುದು.

ಚಿವಿತಾವೆಕ್ಕಿಯದ ಲೆಕ್ಕ

ಈಗ ರೋಮ್‌ಗೆ ಹೋಗುವ ದಾರಿಗಳನ್ನು ಎದುರುಬದುರು ಇಟ್ಟು ನೋಡೋಣ.

ರೈಲು: ಚಿವಿತಾವೆಕ್ಕಿಯದಿಂದ ರೋಮ್‌ಗೆ ನೇರ ಪ್ರಾದೇಶಿಕ ರೈಲುಗಳಿವೆ. ವ್ಯಾಟಿಕನ್ ಹತ್ತಿರದ ಸಾನ್ ಪಿಯೆತ್ರೊ, ಮುಖ್ಯ ನಿಲ್ದಾಣ ತೆರ್ಮಿನಿ ಎರಡಕ್ಕೂ ಹೋಗಬಹುದು. ತೆರ್ಮಿನಿಗೆ ಒಂದೂಕಾಲು ಗಂಟೆಯ ಆಸುಪಾಸು ಹಿಡಿಯುತ್ತದೆ. ಟಿಕೆಟ್ ದರ ಒಬ್ಬರಿಗೆ ಸುಮಾರು 5 ಯೂರೋ. ಆದರೆ ಹಡಗಿನಿಂದ ಬಂದರಿನ ಬಸ್ಸು, ಅಲ್ಲಿಂದ ರೈಲು ನಿಲ್ದಾಣಕ್ಕೆ ಇನ್ನೊಂದು ಬಸ್ಸು ಅಥವಾ ನಡಿಗೆ, ರೋಮ್‌ನಲ್ಲಿ ಇಳಿದ ಮೇಲೆ ಹೋಟೆಲ್‌ಗೆ ಮತ್ತೊಂದು ವಾಹನ. ಪೆಟ್ಟಿಗೆಯನ್ನು ಏಳೆಂಟು ಸಲ ಎತ್ತಿ ಇಳಿಸಬೇಕು. ಕಾಗದದ ಟಿಕೆಟ್ ಕೊಂಡರೆ ರೈಲು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆತರೆ ದಂಡ. ಮುಷ್ಕರದ ದಿನವಾದರೆ ವಾರದ ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಮಾತ್ರ ಕಡ್ಡಾಯವಾಗಿ ಓಡಿಸಬೇಕಾದ ರೈಲುಗಳಿರುತ್ತವೆ. ಹಡಗಿನಿಂದ ಇಳಿದು ನಿಲ್ದಾಣ ಸೇರುವಷ್ಟರಲ್ಲಿ ಒಂಬತ್ತು ದಾಟಿರುತ್ತದೆ! ಮುಷ್ಕರವನ್ನು ಮೊದಲೇ ಘೋಷಿಸುತ್ತಾರೆ, ಹಾಗಾಗಿ ಎರಡು ದಿನ ಮುಂಚೆ ನೋಡಿಕೊಂಡರೆ ಸಾಕು.

ಹಡಗು ಕಂಪನಿಯ ಬಸ್ಸು: ತಲೆಗೆ ಇಷ್ಟು ಎಂದು ದರ. ಹಡಗು ತಡವಾದರೆ ಬಸ್ಸೂ ಕಾಯುತ್ತದೆ. ಆದರೆ ಇಳಿಸುವುದು ಅವರು ಹೇಳಿದ ಒಂದು ಜಾಗದಲ್ಲಿ. ನಿಮ್ಮ ಹೋಟೆಲ್ ಬಾಗಿಲಿಗೆ ಬರುತ್ತದೆ ಎಂದು ಊಹಿಸಬೇಡಿ, ಕೇಳಿ ತಿಳಿಯಿರಿ.

ಖಾಸಗಿ ಕಾರು: ಬಾಗಿಲಿನಿಂದ ಬಾಗಿಲಿಗೆ, ದಟ್ಟಣೆ ಇಲ್ಲದಿದ್ದರೆ ಸುಮಾರು ಒಂದೂಕಾಲು ಗಂಟೆ. ದರ ಸಾಮಾನ್ಯವಾಗಿ ನೂರು ಯೂರೋ ದಾಟುತ್ತದೆ. ಆದರೆ ಈ ದರ ಕಾರಿಗೆ, ತಲೆಗಲ್ಲ. 150 ಯೂರೋ ಎಂದಿಟ್ಟುಕೊಂಡರೆ ಒಬ್ಬರೇ ಹೋಗುವವರಿಗೆ ರೈಲಿನ ಮೂವತ್ತು ಪಟ್ಟು. ಆರು ಜನ ಒಂದು ವ್ಯಾನ್ ಮಾಡಿ, ಅದು 180 ಯೂರೋ ಆದರೂ ತಲೆಗೆ 30. ರೈಲು, ಬಸ್ಸು, ಕೊನೆಯ ಟ್ಯಾಕ್ಸಿ ಎಲ್ಲ ಕೂಡಿಸಿದರೆ ಆ ಅಂತರ ಇನ್ನೂ ತಗ್ಗುತ್ತದೆ.

ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ಇದೆ. ನೀವು ಹತ್ತೂವರೆಗೆ ಹೋಟೆಲ್ ಮುಟ್ಟಿದರೂ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಗಂಟೆಗೆ. ಬೇಗ ತಲುಪಿಸುತ್ತೇವೆ ಎಂಬುದಕ್ಕೆ ಹೆಚ್ಚು ಹಣ ಕೊಟ್ಟು, ಉಳಿಸಿದ ಒಂದು ಗಂಟೆಯನ್ನು ಹೋಟೆಲ್ ಲಾಬಿಯ ಸೋಫಾದಲ್ಲಿ ಕಳೆಯುವುದರಲ್ಲಿ ಅರ್ಥವಿಲ್ಲ. ಖಾಸಗಿ ಕಾರಿನ ಲಾಭವಿರುವುದು ಪೆಟ್ಟಿಗೆ ಹೊರುವ ಕಷ್ಟ ತಪ್ಪುವುದರಲ್ಲಿ. ಪೆಟ್ಟಿಗೆಗಳನ್ನು ಹೋಟೆಲ್‌ನಲ್ಲಿಟ್ಟು ತಿರುಗಾಡಲು ಬಿಡುತ್ತಾರೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಹೆಚ್ಚಿನ ಹೋಟೆಲ್‌ಗಳು ಒಪ್ಪುತ್ತವೆ.

ಸಿಂಗಾಪುರದಲ್ಲಿ ಲೆಕ್ಕವೇ ಬೇರೆ

ಇದೇ ಪ್ರಶ್ನೆಯನ್ನು ಸಿಂಗಾಪುರಕ್ಕೆ ಕೇಳಿದರೆ ಉತ್ತರ ಬದಲಾಗುತ್ತದೆ. ಅಲ್ಲಿ ಬಂದರು ನಗರದೊಳಗೇ ಇದೆ. 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಮರೀನಾ ಸೌತ್ ಪಿಯರ್ ಮೆಟ್ರೋ ನಿಲ್ದಾಣ ಹತ್ತಿರ. ಭಾರತೀಯರು ಹೆಚ್ಚಾಗಿ ಉಳಿಯುವ ಲಿಟಲ್ ಇಂಡಿಯಾ ಅಲ್ಲಿಂದ ಕೆಲವೇ ಕಿಲೋಮೀಟರ್. ಟ್ಯಾಕ್ಸಿಗಳು ಮೀಟರ್ ಹಾಕುತ್ತವೆ. ಇಬ್ಬರು ಮೂವರು ಇದ್ದರೆ ಊರಿನಿಂದಲೇ ಕಾರು ಬುಕ್ ಮಾಡುವ ಅಗತ್ಯವೇ ಇಲ್ಲ, ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವ ತಾಳ್ಮೆ ಸಾಕು.

ಮೂರು ಎಚ್ಚರಿಕೆಗಳಿವೆ. ಮೊದಲನೆಯದು, ಅಲ್ಲಿ ಕ್ರೂಸ್ ಟರ್ಮಿನಲ್‌ಗಳು ಎರಡು: ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್ ಇನ್ನೊಂದು. ಬುಕಿಂಗ್‌ನಲ್ಲಿ ತಪ್ಪು ಟರ್ಮಿನಲ್ ಬರೆದರೆ ಕಾರು ಊರಿನ ಇನ್ನೊಂದು ಭಾಗದಲ್ಲಿ ಕಾಯುತ್ತದೆ. ಎರಡನೆಯದು, ಇಳಿಯುವಾಗ ಟ್ಯಾಕ್ಸಿಯವರು ಮೀಟರಿಗಿಂತ ಹೆಚ್ಚು ಕೇಳಿದರೆ ಜಗಳಕ್ಕೆ ನಿಲ್ಲಬೇಡಿ. ಬೆಳಗಿನ ದಟ್ಟಣೆಯ ಹೊತ್ತಿಗೆ ಮೀಟರ್ ಮೊತ್ತದ ಶೇ. 25ರಷ್ಟು ಸರ್‌ಚಾರ್ಜ್ ಅಲ್ಲಿ ನಿಯಮದಂತೆಯೇ ಸೇರುತ್ತದೆ. ರಸೀದಿ ಕೇಳಿದರೆ ಅದರಲ್ಲಿ ಬಿಡಿಸಿ ಬರೆದಿರುತ್ತದೆ. ಮೂರನೆಯದು ಮಕ್ಕಳಿದ್ದವರಿಗೆ. 1.35 ಮೀಟರ್‌ಗಿಂತ ಕಡಿಮೆ ಎತ್ತರದ ಮಗುವಿಗೆ ಅಲ್ಲಿ ಕಾರಿನಲ್ಲಿ ಸೂಕ್ತ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಬರುವ ಖಾಸಗಿ ಕಾರಿಗೆ ಇಲ್ಲ. ಪುಟ್ಟ ಮಗುವಿರುವ ಕುಟುಂಬವನ್ನು ನೋಡಿ ಆ್ಯಪ್ ಕಾರಿನವರು ಹತ್ತಿಸಿಕೊಳ್ಳಲು ಒಪ್ಪದಿದ್ದರೆ ಕಾರಣ ಇದೇ.

ಮುಂಬೈಯಲ್ಲೂ ಸಿಂಗಾಪುರದಂಥದ್ದೇ ಸ್ಥಿತಿ. ಬಲ್ಲಾರ್ಡ್ ಪಿಯರ್‌ನಿಂದ ಸಿಎಸ್‌ಎಂಟಿ ರೈಲು ನಿಲ್ದಾಣ ಸುಮಾರು ಎರಡು ಕಿ.ಮೀ. ಕೋಟೆ, ಕೊಲಾಬಾ ಕಡೆಯ ಹೋಟೆಲ್‌ಗಳಿಗೆ ಕಾಳಿಪೀಳಿ ಟ್ಯಾಕ್ಸಿ ಸಾಕು.

ದೇಹದ ಮಾತನ್ನೂ ಕೇಳಿ

ಹಡಗಿನಿಂದ ಇಳಿದ ಮೇಲೂ ನೆಲ ತೂಗಾಡಿದಂತೆ ಅನಿಸುವುದು ಅನೇಕರ ಅನುಭವ. ಇದು ಬಿಪಿ ಏರಿದ್ದರಿಂದ ಎಂದು ಹೆದರಿಸುವ ಸಂದೇಶಗಳಿವೆ. ಸಾಮಾನ್ಯವಾಗಿ ಕಾರಣ ಬೇರೆ. ಹಡಗಿನಲ್ಲಿದ್ದ ದಿನಗಳಲ್ಲಿ ಒಳಕಿವಿಯ ಸಮತೋಲನ ವ್ಯವಸ್ಥೆ ಕಳುಹಿಸುವ ತೂಗಾಟದ ಸಂಕೇತಗಳಿಗೆ ಮೆದುಳು ಒಗ್ಗಿಕೊಂಡಿರುತ್ತದೆ. ನೆಲ ಸ್ಥಿರವಾದ ಮೇಲೂ ಆ ಹೊಂದಾಣಿಕೆ ತಕ್ಷಣ ಹೋಗುವುದಿಲ್ಲ. ಹೆಚ್ಚಿನವರಲ್ಲಿ ಕೆಲವು ಗಂಟೆಗಳಲ್ಲಿ, ಅಥವಾ ಒಂದೆರಡು ದಿನಗಳಲ್ಲಿ ಸರಿಹೋಗುತ್ತದೆ. ದಿನಗಟ್ಟಲೆ ಮುಂದುವರಿದರೆ, ಇಲ್ಲವೇ ಜೊತೆಗೆ ಮಾತು ತೊದಲುವುದು, ಕೈಕಾಲು ಸೋಲುವುದು, ಎದೆನೋವು ಇದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ತೂಗಾಟದ ಜೊತೆಗೆ ವಾಂತಿ ತಡೆಯುವ ಮಾತ್ರೆಯ ತೂಕಡಿಕೆಯೂ ಸೇರಿದರೆ ಎಸ್ಕಲೇಟರ್, ರೈಲಿನ ಎತ್ತರದ ಮೆಟ್ಟಿಲು, ಕಲ್ಲು ಹಾಸಿನ ರಸ್ತೆ ಎಲ್ಲವೂ ಬೀಳುವ ಜಾಗಗಳೇ. ಎಪ್ಪತ್ತು ದಾಟಿದವರು, ಮಂಡಿ ನೋವಿನವರು, ಚಿಕ್ಕ ಮಗುವನ್ನು ಎತ್ತಿಕೊಂಡವರು ಜೊತೆಯಲ್ಲಿದ್ದರೆ ದೂರದ ಬಂದರಿನಲ್ಲಿ ಖಾಸಗಿ ಕಾರನ್ನು ದುಂದುವೆಚ್ಚ ಎನ್ನಲಾಗದು. ಇಳಿದ ಬೆಳಗ್ಗೆಯೇ ಬಾಡಿಗೆ ಕಾರು ಪಡೆದು ಸ್ವತಃ ಓಡಿಸುವ ಯೋಜನೆಯನ್ನು ಮಾತ್ರ ಕೈಬಿಡುವುದು ಒಳ್ಳೆಯದು.

ಬುಕ್ ಮಾಡುವುದಾದರೆ ಬರಹದಲ್ಲಿ ಏನಿರಬೇಕು?

• ಹಡಗಿನ ಹೆಸರು, ಬಂದರು, ಟರ್ಮಿನಲ್, ನಿಂತು ಕಾಯುವ ಜಾಗ.
• ಸ್ಥಳೀಯ ಸಮಯದಲ್ಲಿ ಪಿಕಪ್. ಹಡಗು ತಲುಪುವ ಹೊತ್ತಿಗಿಂತ ಕನಿಷ್ಠ ಎರಡು ಗಂಟೆ ನಂತರದ್ದು ಕೇಳಿ.
• ಉಚಿತವಾಗಿ ಎಷ್ಟು ಹೊತ್ತು ಕಾಯುತ್ತಾರೆ, ಆಮೇಲೆ ಗಂಟೆಗೆ ಎಷ್ಟು.
• ಹಡಗು ತಡವಾದರೆ, ಹವಾಮಾನ ಕೆಟ್ಟು ಆ ಬಂದರಿಗೆ ಬರದೇ ಹೋದರೆ ಹಣ ವಾಪಸ್ ಉಂಟೇ.
• ದರ ಕಾರಿಗೋ ತಲೆಗೋ. ಟೋಲ್, ಪಾರ್ಕಿಂಗ್, ತೆರಿಗೆ ಸೇರಿದೆಯೇ.
• ಜನ ಎಷ್ಟು, ದೊಡ್ಡ ಪೆಟ್ಟಿಗೆ ಎಷ್ಟು. ನಾಲ್ಕು ಜನ ಕೂರುವ ಕಾರಿನ ಡಿಕ್ಕಿಯಲ್ಲಿ ನಾಲ್ಕು ದೊಡ್ಡ ಸೂಟ್‌ಕೇಸ್ ಹಿಡಿಸುವುದಿಲ್ಲ. ಗಾಲಿಕುರ್ಚಿ ಇದ್ದರೆ ಅದನ್ನೂ ಹೇಳಿ.
• ಮಕ್ಕಳ ಸೀಟು ಬೇಕಿದ್ದರೆ ಮಗುವಿನ ವಯಸ್ಸು ಮತ್ತು ಎತ್ತರ.

ಹೋಟೆಲ್‌ಗೇ ಒಂದು ಇಮೇಲ್ ಬರೆದು ಕೇಳುವುದು ಅನೇಕರಿಗೆ ಹೊಳೆಯದ ಉಪಾಯ. ನಿತ್ಯ ಬಳಸುವ ಚಾಲಕರು ಅವರಿಗೆ ಗೊತ್ತಿರುತ್ತಾರೆ, ದರ ಮೊದಲೇ ಹೇಳುತ್ತಾರೆ, ಹಣವನ್ನು ತಲುಪಿದ ಮೇಲೆ ಕೊಟ್ಟರೂ ನಡೆಯುತ್ತದೆ ಎನ್ನುವವರೂ ಇದ್ದಾರೆ.

ವಂಚನೆ ನುಸುಳುವ ಜಾಗ ನಿಮ್ಮ ಫೋನ್

ಬಂದರಿನಲ್ಲಿ ಹತ್ತಿಪ್ಪತ್ತು ಯೂರೋ ಹೆಚ್ಚು ಹೋದೀತು ಎಂದು ಹೆದರುವ ನಾವು, ಅದನ್ನು ತಪ್ಪಿಸಲು ಹೋಗಿ ಮನೆಯಲ್ಲೇ ಕುಳಿತು ಕಾರ್ಡ್ ವಿವರ ಕಳೆದುಕೊಳ್ಳುವ ಅಪಾಯವಿದೆ. ಬುಕ್ ಮಾಡಿದ ಮೇಲೆ, ಪಾವತಿ ದೃಢಪಟ್ಟಿಲ್ಲ, ಹನ್ನೆರಡು ಗಂಟೆಯೊಳಗೆ ಈ ಲಿಂಕ್ ಒತ್ತದಿದ್ದರೆ ಬುಕಿಂಗ್ ರದ್ದು ಎಂಬಂಥ ಸಂದೇಶ ಬಂದರೆ ಲಿಂಕ್ ಮುಟ್ಟಬೇಡಿ. ಆ್ಯಪ್ ಅಥವಾ ವೆಬ್‌ಸೈಟನ್ನು ನೀವೇ ತೆರೆದು ನೋಡಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ. ಅಲ್ಲಿ ನಕಲಿ ನಂಬರ್‌ಗಳನ್ನು ತೂರಿಸಿರುತ್ತಾರೆ. ವಿದೇಶದ ಕಾರಿಗೆಂದು ಯಾರದೋ ವೈಯಕ್ತಿಕ ಯುಪಿಐ ಐಡಿಗೆ ಪೂರ್ತಿ ಹಣ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಸೇವೆ ಸಿಗದಿದ್ದಾಗ ಬ್ಯಾಂಕಿನಲ್ಲಿ ತಕರಾರು ಹಾಕುವ ದಾರಿಯಾದರೂ ಇರುತ್ತದೆ.

ಹಣ ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇದು ಕೇಂದ್ರ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಸಾಗಿಬಿಡುತ್ತದೆ.

ಅಲ್ಲಿಗೆ ಹೋದ ಮೇಲೆ ಇನ್ನೊಂದು ಸಣ್ಣ ಬಲೆ ಕಾದಿರುತ್ತದೆ. ಕಾರ್ಡ್ ಉಜ್ಜಿದಾಗ ಯಂತ್ರ, ರೂಪಾಯಿಯಲ್ಲಿ ಕೊಡುವಿರಾ, ಯೂರೋದಲ್ಲಿ ಕೊಡುವಿರಾ ಎಂದು ಕೇಳುತ್ತದೆ. ರೂಪಾಯಿ ಎಂದೊಡನೆ ನಮ್ಮದೇ ಎನಿಸಿ ಒತ್ತುತ್ತೇವೆ. ಆಗ ಯಂತ್ರದವರು ತಮಗೆ ಬೇಕಾದ ವಿನಿಮಯ ದರ ಹಾಕುತ್ತಾರೆ. ಸ್ಥಳೀಯ ಕರೆನ್ಸಿಯನ್ನೇ ಆರಿಸಿ.

ಹಾಗಾದರೆ ಉತ್ತರವೇನು?

ಬಂದರು ನಗರದೊಳಗಿದ್ದು, ಮೀಟರ್ ಟ್ಯಾಕ್ಸಿ ಇದ್ದು, ನೀವು ಇಬ್ಬರೋ ಮೂವರೋ ಇದ್ದು, ಲಗೇಜ್ ಕಡಿಮೆ ಇದ್ದರೆ ಮೊದಲೇ ಬುಕ್ ಮಾಡಬೇಕಿಲ್ಲ. ಬಂದರು ದೂರವಿದ್ದು, ಗಟ್ಟಿಮುಟ್ಟಾದ ಒಬ್ಬಿಬ್ಬರೇ ಹೋಗುವುದಾದರೆ ರೈಲು ಸಾಕು. ಬಂದರೂ ದೂರ, ಹಿರಿಯರೋ ಮಕ್ಕಳೋ ಜೊತೆಗೆ, ಪೆಟ್ಟಿಗೆಯೂ ಹೆಚ್ಚು ಎಂದಾದರೆ ಲೈಸೆನ್ಸ್ ಇರುವ ಸಂಸ್ಥೆಯ ಕಾರನ್ನು ಮೊದಲೇ ಗೊತ್ತುಮಾಡುವುದು ಜಾಣತನ, ಅದರಲ್ಲೂ ನಾಲ್ಕಾರು ಜನ ಹಂಚಿಕೊಳ್ಳುವಂತಿದ್ದರೆ.

ಮುಂದಿನ ಸಲ ‘ಬುಕ್ ಮಾಡಲೇಬೇಡಿ’ ಅಥವಾ ‘ಬುಕ್ ಮಾಡಲೇಬೇಕು’ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳುಹಿಸುವ ಮೊದಲು ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಯಾವ ಬಂದರು? ಅದಕ್ಕೆ ಉತ್ತರವಿಲ್ಲದ ಸಲಹೆ ನಿಮ್ಮ ಮನೆಯ ಹಿರಿಯರ ಪ್ರಯಾಣಕ್ಕೆ ಉಪಯೋಗಕ್ಕೆ ಬಾರದು.